ಗಾಯವಾದವನು ಟೀ ಕೊಡಿಸಬೇಕು

ಕುಶನ್ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಫರ್ನಿಚರ್ ಕಾರ್ಖಾನೆಯವರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು. ಮೂಗಿನವರೆಗೆ ಹತ್ತಿ ಹೋಗಲು ಆ ಕೋಪಕ್ಕೆ ಪುರುಸೊತ್ತು ಎಲ್ಲಿತ್ತು? ಅದು ನಾಲಿಗೆಯ ಮೇಲೇ ಕಾಲು ಚಾಚಿ ಕೂತಿರುತ್ತಿತ್ತು. ಸೋಫಾ, ಕುರ್ಚಿಗಳಿಗೆ ಹತ್ತಿ ತುಂಬಿ, ಬಟ್ಟೆ ಹೊಲಿದು, ದಿಂಬು ಕೂರಿಸುವ ಕೆಲಸ ಅವಳದು. ಕೆಳಗೆ ಮರ ಕೊಯ್ಯುವ ಮಷೀನುಗಳು. ಕಿರುಗುಟ್ಟುವ ಮೆಟ್ಟಿಲು ಹತ್ತಿದರೆ ಅವಳ ಅಟ್ಟ. ಮಷೀನು ಎಷ್ಟೇ ಅರಚುತ್ತಿರಲಿ, ಅಟ್ಟದಿಂದ ಅವಳು ಒಂದು ಮಾತು ಬಿಟ್ಟರೆ ಬೀದಿಯಾಚೆ ಸೈಕಲ್ ರಿಪೇರಿ ಮಾಡುವವನು ತಲೆಯೆತ್ತಿ ನೋಡುತ್ತಿದ್ದ. ಅವಳ ಗಂಡ ರಾತ್ರಿ ಪಾಳಿಯ ಕಾವಲುಗಾರ. "ಹಗಲು ಹೊತ್ತು ನಿದ್ದೆ ಮಾಡೋಕೆ ಒಂದು ನೆಪ ಬೇಕಿತ್ತು, ಅದಕ್ಕೇ ಈ ಕೆಲಸ ಹಿಡಿದೆ" ಅಂತ ಅವನೇ ನಗುತ್ತಿದ್ದ.

ಅಂಥ ಹೆಂಗಸು ಮೆತ್ತಗಾಗುತ್ತಿದ್ದದ್ದು ಒಬ್ಬನ ಮುಂದೆ ಮಾತ್ರ. ಅವಳ ತಮ್ಮ. ಅವನೂ ಅದೇ ಕಾರ್ಖಾನೆಯಲ್ಲಿ, ಕೆಳಗೆ, ಮರದ ಕೀಲು ಕೂರಿಸುವವನು. ಅವನು ಕೂರಿಸಿದ ಕೀಲಿನ ಸಂದಿಯಲ್ಲಿ ಉಗುರು ತೂರಿಸಲೂ ಆಗುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಅವನು 'ನಾಜೂಕಯ್ಯ'. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕಿಕೊಳ್ಳಲು ಬಾರದ ಮಗು. ಸಾಕಿದವಳು ಅಕ್ಕನೇ. ಈಗ ಅವನಿಗೆ ಕಿವಿಯ ಪಕ್ಕ ನರೆಗೂದಲು ಬಂದಿತ್ತು, ಆದರೂ ಅವಳ ಕಣ್ಣಿಗೆ ಅವನು ಮಗುವೇ. ಹಿಂದಿನ ವರ್ಷ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು. ಜಗಳ ಏನು, ತಪ್ಪು ಯಾರದು, ಅವನು ಬಾಯಿ ಬಿಡಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಬಂದು ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದ. ಮಗಳು ಫೋನಿಗೆ ಬರುವುದನ್ನು ನಿಲ್ಲಿಸಿದಾಗಲೂ ಬಾಯಿ ಬಿಡಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ಚೆನ್ನಾಗೇ ಇದೀನಲ್ಲ ಅಕ್ಕ."

ಈಗ ಆ ಕಾರ್ಖಾನೆಯ ಒಂದು ರೂಢಿ ಹೇಳಬೇಕು. ಕೆಲಸ ಮಾಡುವಾಗ ಯಾರ ಮೈಯಿಂದ ರಕ್ತ ಬರುತ್ತದೋ ಅವನು ಎಲ್ಲರಿಗೂ ಟೀ ಕೊಡಿಸಬೇಕು. ಅಜಾಗರೂಕತೆಗೆ ದಂಡ ಅಂತ ಹಿಂದಿನ ಮೇಸ್ತ್ರಿ ಯಾವ ಕಾಲದಲ್ಲೋ ಹಾಕಿದ್ದ ಕಟ್ಟಳೆ. ಅವನು ಹೋದ, ಕಟ್ಟಳೆ ಉಳಿಯಿತು. ಯಾರಿಗಾದರೂ ಉಳಿ ತಾಗಿತು, ಮೊಳೆ ಗೀರಿತು ಅಂದರೆ ಮೊದಲು "ಟೀ!" ಅಂತ ಕೂಗು ಬೀಳುತ್ತಿತ್ತು, ಆಮೇಲೆ ಔಷಧಿ ಡಬ್ಬ ಹುಡುಕುತ್ತಿದ್ದರು. ನಾಜೂಕಯ್ಯ ಮಾತ್ರ ಅಷ್ಟೂ ವರ್ಷ ಒಂದು ಲೋಟ ಟೀ ಕೊಡಿಸಿದವನಲ್ಲ. "ಇವನ ಟೀ ಕುಡಿಯೋ ಯೋಗ ಈ ಜನ್ಮದಲ್ಲಿ ಇಲ್ಲ" ಅಂತ ಎಲ್ಲರೂ ಕೈಬಿಟ್ಟಿದ್ದರು.

ಆ ವರ್ಷ ಯೋಗ ಕೂಡಿಬಂತು ನೋಡಿ. ಮುಂಗೈಗೆ ಬಟ್ಟೆ ಸುತ್ತಿಕೊಂಡು ಒಂದು ದಿನ ಬಂದ: "ಟೀ ತರಿಸಿ, ನನ್ನದು." ಕಾರ್ಖಾನೆಯೇ ಚಪ್ಪಾಳೆ ತಟ್ಟಿತು. ಒಂದು ವಾರ ಕಳೆದು ಮತ್ತೆ. ಆಮೇಲೆ ವಾರಕ್ಕೊಮ್ಮೆ, ಎರಡು ಸಲ. "ವಯಸ್ಸಾಯಿತು ಕಣಯ್ಯ, ಕಣ್ಣಿಗೆ ಕನ್ನಡಕ ಹಾಕಿಸು" ಅಂದರು. "ನಾಜೂಕಯ್ಯ ಹೋಗಿ ಟೀ ಧಣಿ ಆದ" ಅಂದರು. ಅವನೂ ನಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಅಲ್ಲಿ ಇಲಿಯೂ ನಗುತ್ತಿತ್ತು, ಯಾರಿಗೆ ಗೊತ್ತಾಗಬೇಕು? ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅಕ್ಕನೇ.

ಒಂದು ದಿನ ಬೆಳಗ್ಗೆಯಿಂದ ಕರೆಂಟು ಇರಲಿಲ್ಲ. ಮಷೀನುಗಳೆಲ್ಲ ತೆಪ್ಪಗೆ ಕೂತಿದ್ದವು. ಜನ ಅಲ್ಲಲ್ಲಿ ಒರಗಿ ಹರಟೆ ಹೊಡೆಯುತ್ತಿದ್ದರು. ಅಕ್ಕ ಅಟ್ಟದ ಕಟಕಟೆಗೆ ಬಗ್ಗಿ ಕೂಗಿದಳು: "ಲೋ ತಮ್ಮಾ, ಬಾಯಿ ಒಣಗ್ತಾ ಇದೆ. ಎಲ್ಲಾದರೂ ಸ್ವಲ್ಪ ಕೈ ಕುಯ್ಕೊಳ್ಳೋ, ಟೀ ಆದರೂ ಬರಲಿ!" ಕೆಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ತಮ್ಮ ಎದ್ದು ಹಿಂದಿನ ಗೋದಾಮಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಟೀ ಬಂತು.

ಲೋಟ ಬಾಯಿಗೆ ಇಟ್ಟವಳು ಹಾಗೇ ನಿಂತಳು. ಕರೆಂಟಿಲ್ಲ. ಮಷೀನು ಓಡಿಲ್ಲ. ಕೆಳಗೆ ಬಗ್ಗಿ ನೋಡಿದಳು; ತಮ್ಮನ ಮೇಜಿನ ಮೇಲೆ ಮರ ಉಜ್ಜುವ ಉಪ್ಪುಕಾಗದ ಮತ್ತು ಅಂಟಿನ ಡಬ್ಬ, ಅಷ್ಟೇ. ಉಳಿಗಳೆಲ್ಲ ಪೆಟ್ಟಿಗೆಯಲ್ಲಿ. ಕೆಲಸವನ್ನೇ ಮಾಡದೆ ಕೂತವನಿಗೆ ಗಾಯ ಎಲ್ಲಿಂದ ಬಂತು? ಅವನು ಕಂಬಕ್ಕೆ ಒರಗಿ ನಿಂತಿದ್ದ, ಅಂಗಿಯ ತೋಳನ್ನು ಮುಂಗೈವರೆಗೆ ಇಳಿಸಿ ಗುಂಡಿ ಹಾಕಿದ್ದ. ಆ ಸೆಕೆಯಲ್ಲಿ ಎಲ್ಲರೂ ಬನಿಯನ್ನಿನಲ್ಲಿದ್ದರು. ಇವನೊಬ್ಬ ತುಂಬುತೋಳಿನ ಅಂಗಿಯಲ್ಲಿ. ತಾನು ಆಡಿದ ಮಾತು ಅಕ್ಕನ ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸಿತು. ಆ ಟೀಯನ್ನು ಅವಳು ಹೋಗಿ ಮೋರಿಗೆ ಸುರಿದಳು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. "ಅಂಗಿ ತೋಳು ಏರಿಸು" ಅಂದಳು. ಅವನು ಏನೇನೋ ಹೇಳಿದ. ಅವಳು ಕೇಳಲಿಲ್ಲ, ಕೈ ಹಿಡಿದು ತಾನೇ ಏರಿಸಿದಳು. ಅಲ್ಲಿ ಏನು ಕಂಡಳು ಅಂತ ಬಣ್ಣಿಸುವುದು ಬೇಡ. ಒಂದು ದಿನದ್ದಲ್ಲ ಅನ್ನುವುದು ಕಂಡಿತು, ಅಷ್ಟು ಸಾಕು. ಟೀ ಲೆಕ್ಕಕ್ಕೆ ಸಿಗದ ಗಾಯಗಳೂ ಎಷ್ಟೋ ಇದ್ದವು.

ಅಕ್ಕ ಶುರು ಮಾಡಿದಳು. "ನಿನಗೇನು ತಲೆ ಕೆಟ್ಟಿದೆಯಾ? ನಾನು ಸತ್ತು ಹೋಗಿದೀನಾ? ಊಟ ಕಮ್ಮಿ ಮಾಡಿದೀನಾ? ಯಾರಿಗೆ ತೋರಿಸೋಕೆ ಮಾಡ್ತೀಯ ಇದನ್ನ? ಹೆಂಡತಿಗಾ?" ಅವನು ಗೋಡೆ ನೋಡುತ್ತ ನಿಂತ. ಯಾರಿಗೂ ತೋರಿಸದೆ ಇರಲು ಆ ಸೆಕೆಯಲ್ಲಿ ತುಂಬುತೋಳು ಹಾಕಿಕೊಂಡವನಿಗೆ 'ಯಾರಿಗೆ ತೋರಿಸೋಕೆ' ಅಂದಳು ನೋಡಿ, ಬಾಯಿ ಮುಂದಿದ್ದರೆ ಬುದ್ಧಿ ಹಿಂದೆ ಬೀಳುವುದು ಹೀಗೆ. ಕೊನೆಗೆ ಅವನ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ನನ್ನ ತಲೆ ಮೇಲೆ ಆಣೆ ಮಾಡು. ಇನ್ನು ಮಾಡಿದರೆ ನನ್ನ ಹೆಣ ನೋಡ್ತೀಯ. ಹೇಳು!"

"ಅಕ್ಕಾ, ಬೇಡ..."

"ಹೇಳ್ತೀಯೋ ಇಲ್ಲವೋ!"

ಅವನು ಹೇಳಿದ. ಹೇಳುವಾಗ ಅವನ ಕೈ ನಡುಗುತ್ತಿದ್ದದ್ದು ಅವಳ ನೆತ್ತಿಗೆ ತಿಳಿಯಿತು. ಪಶ್ಚಾತ್ತಾಪ ಅಂದುಕೊಂಡಳು. ಗೆದ್ದೆ ಅಂದುಕೊಂಡಳು.

ಆಮೇಲೆ ಟೀ ಬರಲಿಲ್ಲ. ಕಾರ್ಖಾನೆಯವರು ಬೇಜಾರು ಮಾಡಿಕೊಂಡರು, ಅಕ್ಕ ಒಳಗೊಳಗೇ ಹಿಗ್ಗಿದಳು. ಆದರೆ ಮನೆಯಲ್ಲಿ ಬೇರೆ ಏನೋ ಶುರುವಾಯಿತು. ಅವನು ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದ. ಬಚ್ಚಲ ಬಾಗಿಲು ಹಾಕಿದರೆ ತೆಗೆಯುತ್ತಿರಲಿಲ್ಲ. ತಟ್ಟೆ ಮುಂದೆ ಕೂತರೆ ತುತ್ತು ಎತ್ತುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರ ಅಂದರೆ ಅವಳನ್ನು ನೋಡುವ ರೀತಿ. ಅವಳು ಸುಮ್ಮನೆ ಒಂದು ಸಲ ಕೆಮ್ಮಿದರೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳು ರಸ್ತೆ ದಾಟಲು ಹೊರಟರೆ ಅವನು ಓಡಿ ಬಂದು ತೋಳು ಹಿಡಿಯುತ್ತಿದ್ದ. "ನಾನೇನು ಮುದುಕಿನಾ, ಬಿಡೋ" ಅಂತ ಅವಳು ಕೊಸರಿಕೊಳ್ಳುತ್ತಿದ್ದಳು. ಕೇಳಬೇಕು ಅನಿಸುತ್ತಿತ್ತು. ಕೇಳಿದರೆ ಏನು ಉತ್ತರ ಬರುತ್ತದೋ ಅಂತ ಭಯವೂ ಆಗುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ದಿನ ದೂಡಿದಳು.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಊರಿಗೆಲ್ಲ ಬರುವಂಥ ಮಾಮೂಲಿ ಜ್ವರ. ಹೊದ್ದು ಮಲಗಿದ್ದಳು. ತಮ್ಮ ಕೆಲಸಕ್ಕೆ ಹೋಗದೆ ಬಾಗಿಲಲ್ಲೇ ನಿಂತಿದ್ದ. ಒಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ.

"ಏನೋ ಅದು, ಕಂಬದ ಹಾಗೆ ನಿಂತಿದೀಯ? ಬಂದು ಕೂತ್ಕೋ."

"ಅಕ್ಕಾ, ನಾನು ಆಣೆ ಮುರಿದೆ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಮಾರನೇ ದಿನವೇ ಮುರಿದೆ. ಆಮೇಲೂ ಮುರಿದೆ. ಅದಕ್ಕೇ ನಿನಗೆ ಹೀಗಾಗಿರೋದು. ನನ್ನಿಂದಲೇ." ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿನಗೇನಾದರೂ ಆದರೆ ನಾನೂ ಇರಲ್ಲ ಅಕ್ಕ."

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಜ್ವರಕ್ಕೂ ಆಣೆಗೂ ಏನು ಸಂಬಂಧವೋ ಮಂಕೇ, ಅನ್ನುತ್ತಿದ್ದಳು. ಆದರೆ ಆ ಕೊನೆಯ ಮಾತು ಕೇಳಿ ಅವಳ ಜ್ವರವೇ ಇಳಿದುಹೋಯಿತು. ಆಣೆ ಹಾಕಿಸಿ ತಾನು ಅವನ ಕೈಗೆ ಬೀಗ ಹಾಕಿದ್ದು ನಿಜ. ಬೀಗ ಹಾಕಿ ಅವನನ್ನು ಒಳಗೇ ಬಿಟ್ಟಿದ್ದಳು. ಹಗಲು ನಿದ್ದೆಯಲ್ಲಿದ್ದ ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. "ಇವನ ಪಕ್ಕ ಕೂತಿರು. ಒಂದು ಗಳಿಗೆ ಒಬ್ಬನೇ ಬಿಡಬೇಡ. ಯಾಕೆ ಅಂತ ಈಗ ಕೇಳಬೇಡ." ಆ ಪುಣ್ಯಾತ್ಮ ಕೇಳಲಿಲ್ಲ. ಇಸ್ಪೀಟು ಎಲೆ ತಂದು ಭಾಮೈದನ ಮುಂದೆ ಹಾಕಿ "ಕಲಸು" ಅಂದ. ಮಾತು ಕಮ್ಮಿಯ ಗಂಡಸು ಇಷ್ಟಕ್ಕಾದರೂ ಉಪಯೋಗಕ್ಕೆ ಬಂದ ಅಂತ ಅಂದುಕೊಂಡೇ ಅಕ್ಕ ಶಾಲು ಹೊದ್ದು ಆಸ್ಪತ್ರೆಗೆ ಹೊರಟಳು.

ಜ್ವರದ ಡಾಕ್ಟರು ನಾಲಿಗೆ ತೋರಿಸಿ ಅಂದರೆ ಇವಳು ತಮ್ಮನ ಕಥೆ ತೋಡಿಕೊಂಡಳು. ಅವರು ಕಾರಿಡಾರಿನ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಮೇಡಂ ಇದ್ದರು. ಅಕ್ಕ ಕೂತವಳೇ ಹೇಳಿದಳು: "ಅವನಿಗೆ ಸ್ವಲ್ಪ ಗದರಿಸಿ ಬುದ್ಧಿ ಹೇಳಿ ಮೇಡಂ. ನನ್ನ ಮಾತು ಕೇಳಲ್ಲ."

ಮೇಡಂ ಗದರಿಸುವ ಜನ ಅಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. "ನಿಮಗೆ ತಡೆಯಲಾಗದ ಸಿಟ್ಟು, ಸಂಕಟ ಬಂದರೆ ಏನು ಮಾಡ್ತೀರಿ?" ಅಂತ ಕೇಳಿದರು.

"ಕೂಗಾಡ್ತೀನಿ."

"ಕೂಗಾಡಿದ ಮೇಲೆ?"

"ಹಗುರ ಆಗುತ್ತೆ."

"ನಿಮ್ಮ ತಮ್ಮನಿಗೆ ಕೂಗಾಡೋದು ಬರಲ್ಲ. ಒಳಗೆ ತುಂಬ್ಕೊಂಡಿದ್ದಕ್ಕೆ ಅವರಿಗೆ ಸಿಕ್ಕಿರೋ ದಾರಿ ಇದೊಂದೇ. ಆ ಕ್ಷಣಕ್ಕೆ ಹಗುರ ಆಗುತ್ತೆ. ಆಮೇಲೆ ನಾಚಿಕೆ ಬರುತ್ತೆ, ಆ ನಾಚಿಕೆಯಿಂದ ಮತ್ತೆ ಸಂಕಟ ಹೆಚ್ಚುತ್ತೆ. ಇದು ನಾಟಕ ಅಲ್ಲ, ಹುಚ್ಚೂ ಅಲ್ಲ. ದಾರಿ ಕೆಟ್ಟದ್ದು, ಅಪಾಯದ್ದು. ಬೇರೆ ದಾರಿ ಕಾಣೋವರೆಗೆ ಬರೀ 'ಬಿಡು' ಅಂದರೆ ಹೇಗೆ ಬಿಡ್ತಾರೆ?"

ಅಕ್ಕ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಬಹುಶಃ ಹುಟ್ಟಿದ ಮೇಲೆ ಅದೇ ಮೊದಲು. ಆಮೇಲೆ ಆಣೆಯ ವಿಷಯ ಹೇಳಿದಳು. ಮೇಡಂ ತಲೆ ಆಡಿಸಿದರು. "ಪ್ರೀತಿಗೇ ಮಾಡಿಸಿದ್ರಿ. ಆದರೆ ಈಗ ಅವರು ಸೋತಾಗೆಲ್ಲ ನಿಮ್ಮನ್ನ ಕೊಂದ ಹಾಗೆ ಅನಿಸುತ್ತೆ. ಅದನ್ನ ಯಾರಿಗೆ ಹೇಳ್ಕೋತಾರೆ?" ಕೊನೆಗೆ ಇನ್ನೊಂದು ಮಾತು ಹೇಳಿದರು. ಇವತ್ತೇ ಮನೆಗೆ ಹೋಗಿ, ಸಾಯಬೇಕು ಅನಿಸುತ್ತಾ ಅಂತ ಬಾಯಿಬಿಟ್ಟು ಕೇಳಿ. ಹೌದು ಅಂದರೆ, ಅಥವಾ ಅನುಮಾನ ಬಂದರೂ, ಒಬ್ಬರನ್ನೇ ಬಿಡದೆ ಆ ಕ್ಷಣವೇ ಇಲ್ಲಿಗೆ ಕರೆದುಕೊಂಡು ಬನ್ನಿ.

"ಅಯ್ಯೋ ಮೇಡಂ! ಕೇಳಿ ನಾನೇ ತಲೆಗೆ ಹುಳ ಬಿಟ್ಟ ಹಾಗೆ ಆಗಲ್ಲವಾ?"

"ಆಗಲ್ಲ. ಹುಳ ಇದ್ದರೆ ಆಗಲೇ ಇರುತ್ತೆ. ಕೇಳೋರು ಇದ್ದಾರೆ ಅಂತ ಗೊತ್ತಾದರೆ ಅವರಿಗೆ ಉಸಿರು ಬರುತ್ತೆ."

ಆಸ್ಪತ್ರೆಯಿಂದ ಮನೆಗೆ ದೂರವೇನಿಲ್ಲ. ಆದರೂ ಅಕ್ಕನಿಗೆ ಆ ದಾರಿ ಮುಗಿಯಲೇ ಇಲ್ಲ. ಸೋಫಾ ಕೊಳ್ಳುವ ಗಿರಾಕಿಗಳಿಗೆ, ಬಾಡಿಗೆ ಕೇಳುವ ಮನೆಯೊಡೆಯನಿಗೆ, ಬಸ್ಸಿನ ಕಂಡಕ್ಟರಿಗೆ, ಯಾರಿಗೆ ಬೇಕಾದರೂ ಏನು ಬೇಕಾದರೂ ಕೇಳಬಲ್ಲ ಬಾಯಿ ಈಗ ಒಣಗಿ ಅಂಟಿಕೊಂಡಿತ್ತು. ಮನೆಯಲ್ಲಿ ಗಂಡ, ತಮ್ಮ ಎದುರುಬದುರು ಕೂತು ಎಲೆ ಹಾಕುತ್ತಿದ್ದರು. ಗಂಡ ಅವಳ ಮುಖ ನೋಡಿ ಎದ್ದು ಅಡಿಗೆಮನೆಗೆ ಹೋದ.

ಅವಳು ತಮ್ಮನ ಕೈ ತೆಗೆದುಕೊಂಡು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಳ್ಳಲು ನೋಡಿದ.

"ಇರು. ಆಣೆ ಹಾಕಿಸಿದವಳು ನಾನು, ತೆಗೆಯೋಳೂ ನಾನೇ. ತೆಗೆದೆ. ಇನ್ನು ನೀನು ಬಿದ್ದರೂ ಎದ್ದರೂ ನನ್ನ ಆಯುಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ನನಗೆ ಬಂದಿರೋದು ಬರೀ ಜ್ವರ. ಡಾಕ್ಟರು ಮಾತ್ರೆ ಕೊಟ್ಟಿದಾರೆ." ಅವನ ಕೈಯನ್ನು ಇಳಿಸಿ ತನ್ನ ಎರಡು ಕೈಯಲ್ಲಿ ಹಿಡಿದಳು. "ಈಗ ಒಂದು ಕೇಳ್ತೀನಿ. ನಿಜ ಹೇಳು. ಏನು ಹೇಳಿದರೂ ಬೈಯಲ್ಲ. ನಿನಗೆ ಸಾಯಬೇಕು ಅನಿಸುತ್ತಾ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಮ್ಮ ತಲೆ ತಗ್ಗಿಸಿದ. ಅಕ್ಕ ಕಾದಳು. ಜೀವ ಬಾಯಿಗೆ ಬಂದು ಕೂತಿತ್ತು, ಆದರೂ ಕಾದಳು.

"ಸಾಯಬೇಕು ಅಂತಲ್ಲ ಅಕ್ಕ. ಒಳಗೆ ಗದ್ದಲ ಶುರುವಾಗುತ್ತೆ. ಹೀಗೆ ಮಾಡ್ಕೊಂಡರೆ ಸ್ವಲ್ಪ ಹೊತ್ತು ನಿಲ್ಲುತ್ತೆ." ಸ್ವಲ್ಪ ತಡೆದು ಹೇಳಿದ: "ಆದರೆ ಈಚೆಗೆ ಒಂದೆರಡು ಸಲ... ಬೆಳಗ್ಗೆ ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅನಿಸಿದೆ."

ಅಕ್ಕನಿಗೆ ಕೂಗಿಬಿಡಬೇಕು ಅನಿಸಿತು. ಕೂಗಲಿಲ್ಲ. "ಹೇಳಿದೆಯಲ್ಲ, ಒಳ್ಳೇದಾಯ್ತು. ನಡಿ, ಚಪ್ಪಲಿ ಹಾಕ್ಕೋ" ಅಂದಳು. ಮೂವರೂ ಆಟೋ ಹತ್ತಿದರು. ಮೇಡಂ ಕೋಣೆ ಮುಚ್ಚುವ ಮುಂಚೆ ಹೋಗಿ ಮುಟ್ಟಿದರು.

ಅವತ್ತಿನಿಂದ ಅವನ ಚಿಕಿತ್ಸೆ ಶುರುವಾಯಿತು. ಮೇಡಂ ಅವನ ಹತ್ತಿರ ಬಹಳ ಹೊತ್ತು ಮಾತಾಡಿದರು, ಇನ್ನೊಬ್ಬ ಡಾಕ್ಟರು ಮಾತ್ರೆ ಬರೆದರು. ಮನೆಯಲ್ಲಿ ಏನನ್ನು ಎಲ್ಲಿಡಬೇಕು, ಯಾವುದರ ಕೀಲಿ ಯಾರ ಹತ್ತಿರ ಇರಬೇಕು ಅಂತ ಅವನನ್ನೂ ಕೂರಿಸಿಕೊಂಡೇ ತೀರ್ಮಾನಿಸಿದರು. ಕಾರ್ಖಾನೆಯಲ್ಲಿ ಕೆಲವು ವಾರ ಬಣ್ಣದ ವಿಭಾಗಕ್ಕೆ ಹಾಕಿ ಅಂತ ಅವನೇ ಮೇಸ್ತ್ರಿಯನ್ನು ಕೇಳಿಕೊಂಡ. ಉಳಿಯ ಪೆಟ್ಟಿಗೆಯನ್ನು ಮೇಸ್ತ್ರಿಯ ಬೀರುವಿಗೆ ಕೊಟ್ಟ. ಯಾಕೆ ಅಂದಾಗ "ಕಣ್ಣು ಸರಿಯಿಲ್ಲ" ಅಂದ. ಇರಲಿ, ಲೋಕಕ್ಕೆಲ್ಲ ಎಲ್ಲವನ್ನೂ ಹೇಳಲೇಬೇಕು ಅಂತ ಎಲ್ಲಿದೆ?

ಆ ದಿನಗಳಲ್ಲೇ ಒಂದು ಬೆಳಗ್ಗೆ ಯಾರದೋ ಬೆರಳಿಗೆ ಮೊಳೆ ಗೀರಿತು. "ಟೀ!" ಅಂತ ಕೂಗು ಎದ್ದಿತು. ಅಕ್ಕ ಅಟ್ಟದಿಂದ ದಡದಡ ಇಳಿದು ಬಂದಳು.

"ನಿಲ್ಲಿಸಿ! ಇನ್ನು ಮೇಲೆ ಈ ಟೀ ಬೇಡ."

ಮೇಸ್ತ್ರಿ ಕಣ್ಣು ಬಿಟ್ಟ. "ಯಾಕಮ್ಮ, ಸಕ್ಕರೆ ಕಾಯಿಲೆನಾ?"

"ರಕ್ತ ಬಂದವನ ಹತ್ರ ಟೀ ಕುಡಿಯೋದು ಯಾವ ಸೀಮೆ ಪದ್ಧತಿ? ಮನುಷ್ಯರಾ ನಾವು, ತಿಗಣೆಗಳಾ?"

"ಹಿಂದಿನಿಂದ ನಡ್ಕೊಂಡು ಬಂದಿದ್ದು. ನೀನೇ ಎಲ್ಲರಿಗಿಂತ ಜಾಸ್ತಿ ಕುಡಿದವಳು!"

ಎಲ್ಲರೂ ನಕ್ಕರು. ಅಕ್ಕನ ನಾಲಿಗೆಯ ತುದಿಗೆ ಎಲ್ಲ ಬಂದು ನಿಂತಿತ್ತು. ಒಂದು ಮಾತು ಜಾರಿದ್ದರೆ ತಮ್ಮನ ಮಾನ ಆ ನೆಲದ ಹೊಟ್ಟಿನಲ್ಲಿ ಬೀಳುತ್ತಿತ್ತು. ಅವನು ಬಣ್ಣದ ಬ್ರಷ್ಷು ಹಿಡಿದು ಮೂಲೆಯಲ್ಲಿ ಕಲ್ಲಾಗಿ ನಿಂತಿದ್ದ. ಅವಳು ಅವನ ಕಡೆ ನೋಡಲೇ ಇಲ್ಲ.

"ಕುಡಿದೆ. ಅದಕ್ಕೇ ಹೇಳ್ತಿರೋದು, ನನಗೆ ಅದು ಒಗ್ಗಲಿಲ್ಲ ಅಂತ. ಇನ್ನು ಸರದಿ ಮೇಲೆ ಕುಡಿಯೋಣ. ಗಾಯ ಆದವನಿಗೆ ಉಳಿದವರು ಕೊಡಿಸಲಿ. ಮೊದಲ ಸರದಿ ನಂದು. ಹೂಂ, ಮೊದಲು ಆ ಬೆರಳಿಗೆ ಔಷಧಿ ಹಚ್ಚಿ!"

ಪುಕ್ಕಟೆ ಟೀ ಅಂದ ಮೇಲೆ ಯಾರು ತಕರಾರು ತೆಗೆಯುತ್ತಾರೆ? ಮೇಸ್ತ್ರಿಯೂ ಲೋಟ ಹಿಡಿದ. ಆ ಮಧ್ಯಾಹ್ನ ತಮ್ಮ ಮೊದಲ ಸಲ ತಾನಾಗೇ ಅಟ್ಟದ ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಬರ್ತಾ ಇದೆ" ಅಂದ. ಅಷ್ಟೇ.

ಅಕ್ಕ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. ಏನು ಬರ್ತಾ ಇದೆ ಅಂತ ಕೇಳುವ ಅಗತ್ಯವಿರಲಿಲ್ಲ. ಮೇಡಂ ಹೇಳಿದ್ದು ನೆನಪಿಗೆ ಬಂತು: ಒಳಗಿನ ಆ ಗದ್ದಲ ಹಾಲು ಉಕ್ಕಿದ ಹಾಗೆ ಏರುತ್ತೆ, ಸ್ವಲ್ಪ ಹೊತ್ತು ಜೊತೆಗಿದ್ದರೆ ಇಳಿಯುತ್ತೆ. ಆದರೆ ಜೊತೆಗಿದ್ದು ಏನು ಮಾಡುವುದು? ಮನೆಯಲ್ಲಿ ಏನೇನೋ ಪ್ರಯತ್ನ ಆಗಿತ್ತು. ಉಸಿರು ಎಣಿಸು ಅಂದರೆ ಅವನಿಗೆ ನಗು ಬರುತ್ತಿತ್ತು. ತಣ್ಣೀರಲ್ಲಿ ಮುಖ ಅದ್ದಿದರೆ ಒಂದೊಂದು ದಿನ ಕೆಲಸ ಮಾಡುತ್ತಿತ್ತು, ಒಂದೊಂದು ದಿನ ಇಲ್ಲ. ಮನಸ್ಸಿನಲ್ಲಿದ್ದದ್ದನ್ನು ಬರಿ ಅಂದರೆ "ಶಾಲೆಯಲ್ಲೇ ಬರೀಲಿಲ್ಲ" ಅಂದಿದ್ದ. ಅಕ್ಕ ಸುತ್ತ ನೋಡಿದಳು. ಮೂಲೆಯಲ್ಲಿ ಹಳೇ ಸೋಫಾಗಳಿಂದ ಕಿತ್ತ ಹತ್ತಿ ಗಂಟುಗಂಟಾಗಿ ರಾಶಿ ಬಿದ್ದಿತ್ತು. ವರ್ಷಗಟ್ಟಲೆ ಜನ ಕೂತು ಕೂತು ಕಲ್ಲಾದ ಹತ್ತಿ. ಅದನ್ನು ಕೈಯಲ್ಲೇ ಹಿಂಜಿ ಬಿಡಿಸಬೇಕು. ಬೆರಳಿನ ಬಲವೆಲ್ಲ ಬೇಡುವ ಕೆಲಸ, ಯಾರಿಗೂ ಇಷ್ಟವಿಲ್ಲದ್ದು.

"ಕೂತ್ಕೋ. ಇದನ್ನ ಕೀಳು."

ಅವನು ಕೂತ. ಒಂದು ಗಂಟು ತೆಗೆದು ಎಳೆದ. ಮೊದಲು ಸುಮ್ಮನೆ ಎಳೆದ, ಆಮೇಲೆ ಹಲ್ಲು ಕಚ್ಚಿ ಎಳೆದ. ಧೂಳು ಎದ್ದಿತು. ಸೀನಿದ. ಅವಳು ಎದುರು ಕೂತು ತಾನೂ ಎಳೆದಳು. ಏನೂ ಕೇಳಲಿಲ್ಲ. ಅವಳ ಕಣ್ಣು ಮಾತ್ರ ಅವನ ಕೈ ಮೇಲೇ ಇತ್ತು. ರಾಶಿ ಅರ್ಧ ಆಗುವ ಹೊತ್ತಿಗೆ ಅವನ ಭುಜ ಇಳಿಯಿತು. ತಾನಾಗೇ ಬಾಯಿ ಬಿಟ್ಟ.

"ಮಗಳಿಗೆ ಫೋನ್ ಮಾಡಿದ್ದೆ. ಅವಳಮ್ಮ ಎತ್ತಿದಳು. 'ನನಗೆ ಅಪ್ಪ ಇಲ್ಲ ಅಂತ ಹೇಳು' ಅಂತ ಮಗಳು ಹಿಂದಿನಿಂದ ಹೇಳಿದ್ದು ಕೇಳಿಸ್ತು."

ಅಕ್ಕನಿಗೆ ಹೆಂಡತಿಯನ್ನು ಬೈಯುವ ಮಾತು ಕಟ್ಟೆಯೊಡೆದು ಬಂತು. ನುಂಗಿದಳು. "ಅಯ್ಯೋ ನನ್ನಪ್ಪ" ಅಂದಳು, ಅಷ್ಟೇ. ಅವನು ಇನ್ನೊಂದು ಗಂಟು ತೆಗೆದುಕೊಂಡ. ಆ ದಿನ ದಾಟಿತು.

ಅಲ್ಲಿಂದ ಮುಂದೆ ಹತ್ತಿಯ ರಾಶಿ ಕರಗುತ್ತ ಬಂತು. ಅಕ್ಕ ಬೇರೆ ಅಂಗಡಿಗಳಿಂದಲೂ ಹಳೇ ಹತ್ತಿ ತರಿಸಿದಳು. "ಇವಳಿಗೇನು ಹುಚ್ಚಾ, ಕಸ ಕೊಂಡ್ಕೋತಾಳೆ" ಅಂತ ಮೇಸ್ತ್ರಿ ಗೊಣಗಿದ. ಗೊಣಗಲಿ. ಒಮ್ಮೊಮ್ಮೆ ತಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದ, ಒಮ್ಮೊಮ್ಮೆ ಭಾವನ ಜೊತೆ ಊರು ಸುತ್ತಲು ಹೋಗುತ್ತಿದ್ದ, ಆಸ್ಪತ್ರೆಗೆ ತಪ್ಪದೆ ಹೋಗುತ್ತಿದ್ದ. ಉಳಿಯ ಪೆಟ್ಟಿಗೆ ವಾಪಸ್ಸು ಬಂತು. ಊಟ ಸರಿಯಾಯಿತು. ಒಂದು ದಿನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಅಂಗಳದವರೆಗೆ ಹೋಗಿ ಬಂದ. ಅಕ್ಕ ನೋಡಿಯೂ ನೋಡದವಳ ಹಾಗೆ ಇದ್ದಳು, ಒಳಗೆ ಹೋಗಿ ಗಂಡನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಖುಷಿಗೆ. ಮುಗಿಯಿತು ಅಂತ ಅವಳಿಗೆ ಅನಿಸತೊಡಗಿತು.

ಒಂದು ಭಾನುವಾರ ಬೆಳಗ್ಗೆ ಅವಳು ಒಲೆಯ ಮುಂದಿದ್ದಳು. ತಮ್ಮ ಅಡಿಗೆಮನೆ ಬಾಗಿಲಿಗೆ ಬಂದು ನಿಂತ. ತುಂಬುತೋಳಿನ ಅಂಗಿ.

"ಅಕ್ಕಾ, ನಿನ್ನೆ ಮತ್ತೆ ಮಾಡ್ಕೊಂಡೆ."

ಸೌಟು ಅವಳ ಕೈಯಲ್ಲೇ ಉಳಿಯಿತು. ಇಷ್ಟು ತಿಂಗಳು ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಅನ್ನುವ ಸಿಟ್ಟು ಕಾಲಿನಿಂದ ನೆತ್ತಿಗೆ ಹತ್ತಿತು. ಸೌಟು ಎಸೆಯಬೇಕು, ಅವನ ಕೆನ್ನೆಗೆ ಬಾರಿಸಬೇಕು, ಊರು ಒಂದಾಗುವ ಹಾಗೆ ಕೂಗಬೇಕು. ಅವನೂ ಅದಕ್ಕೇ ಸಿದ್ಧನಾಗಿ, ಹೆಗಲು ಕುಗ್ಗಿಸಿ ನಿಂತಿದ್ದ. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ.

ಅಕ್ಕ ಒಲೆ ಆರಿಸಿದಳು. "ತೊಳೆದು ಔಷಧಿ ಹಚ್ಚಿದೆಯಾ?"

"ಹಚ್ಚಿದೆ."

"ದೊಡ್ಡದಾ? ಡಾಕ್ಟರು ನೋಡಬೇಕಾ?"

"ಇಲ್ಲ. ಬೇಕಾದರೆ ನೋಡು." ತೋಳು ತಾನೇ ಏರಿಸಿದ. ಅವಳು ನೋಡಿದಳು. ಬಟ್ಟೆ ಅಚ್ಚುಕಟ್ಟಾಗಿ ಕಟ್ಟಿತ್ತು. ನಾಜೂಕಯ್ಯನ ಕೈ.

"ಸಾಯಬೇಕು ಅನಿಸಿತ್ತಾ?" ಈ ಸಲ ಆ ಪ್ರಶ್ನೆಗೆ ಬಾಯಿ ಅಂಟಲಿಲ್ಲ.

"ಇಲ್ಲ ಅಕ್ಕ. ನಿಜವಾಗ್ಲೂ ಇಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ನನಗೆ ಗೊತ್ತಾಗ್ತಿರಲಿಲ್ಲ. ಮುಚ್ಚಿಡಬಹುದಿತ್ತು. ಯಾಕೆ ಬಂದು ಹೇಳಿದೆ?"

ಅವನು ಏರಿಸಿದ ತೋಳು ಇಳಿಸಿದ. "ಮುಚ್ಚಿಟ್ಟರೆ ನೀನು ಖುಷಿಯಾಗಿರ್ತೀಯ. ನಾನು ಮತ್ತೆ ಒಬ್ಬನೇ ಆಗಿಬಿಡ್ತೀನಿ. ಅದು ನನಗೆ ಬೇಡ."

ಅಕ್ಕನ ಗಂಟಲಿನಿಂದ ಒಂದು ಸದ್ದು ಬಂತು. ಬೈಗುಳ ಅಂದುಕೊಂಡ ಅವನು. ಅಲ್ಲ. ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳದೆ, ಬಾಯಿ ತೆರೆದು, ಚಿಕ್ಕ ಮಗುವಿನ ಹಾಗೆ ಗೊಳೋ ಅಂತ ಅತ್ತಳು. ಅವನು ಗಾಬರಿಯಾಗಿ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಅಳಬೇಡ. ನನ್ನಿಂದ..."

"ನಿನ್ನಿಂದ ಅಲ್ಲ ಕಣೋ, ನನಗೆ ಹೆದರಿಕೆ. ನೀನು ಮಗುವಾಗಿ ನನ್ನ ಹೆಗಲ ಮೇಲೆ ಕೂತಿದ್ದಾಗಿನಿಂದ ಇದೆ, ಇವತ್ತೂ ಇದೆ. ಹೆದರಿಕೆ ಆದಾಗೆಲ್ಲ ಕೂಗಾಡಿದೆ. ಇವತ್ತು ಅಳ್ತೀನಿ, ಬಿಡು. ನೀನೂ ಅಳು, ಯಾರಪ್ಪನ ಮನೆ ಗಂಟು ಹೋಗುತ್ತೆ?"

ಅವನಿಗೆ ಅಳು ತಕ್ಷಣ ಬರಲಿಲ್ಲ. ಎಷ್ಟೋ ವರ್ಷ ಬಳಸದೆ ಬಿಟ್ಟದ್ದು ಕರೆದ ಕೂಡಲೇ ಬರುತ್ತದೆಯೇ? ಅವಳ ಮೊಣಕಾಲಿಗೆ ಹಣೆ ಒತ್ತಿ ಸುಮ್ಮನೆ ಕೂತ. ಬಹಳ ಹೊತ್ತಿನ ಮೇಲೆ ಅವಳ ಸೀರೆ ಒದ್ದೆಯಾಯಿತು. ಅವಳು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ, ಟೋಪಿ ಮೊಳೆಗೆ ಹಾಕಿ, ಮೂರು ತಟ್ಟೆ ತೊಳೆಯಲು ಹೋದ.